ತಾಮ್ರದ ಕನ್ನಡಿಗೆ ಕರಿ ಶಾಲು

ಮಿಲುತಿನ್ ತಿಕ್ಕಿ ಕೊಟ್ಟ ತಾಮ್ರದ ಬಿಲ್ಲೆಯಲ್ಲಿ ಮುಖ ನೋಡಿಕೊಂಡರೆ ಹೆಂಗಸರು ಹತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಕೆಂಪು ಲೋಹ ನೋಡಿ, ಬಿಳಚಿಕೊಂಡ ಕೆನ್ನೆಗೂ ಬಣ್ಣ ಬರುತ್ತಿತ್ತು. ಊಟದ ಬಿಡುವಿನಲ್ಲಿ ಪ್ಯಾಕಿಂಗಿನ ಹುಡುಗಿಯರು ಕದ್ದು ಬಂದು ಇಣುಕುವರು, ಅವನು ಗದರುವನು: "ಉಸಿರು ಬಿಡಬೇಡ್ರೇ ಅದರ ಮೇಲೆ! ಮನೇಲಿ ಕನ್ನಡಿ ಇಲ್ವಾ ನಿಮಗೆ?" ನಾನು ಬೇಕೆಂದೇ ಅವನ ಬಿಲ್ಲೆಯಲ್ಲಿ ಮುಖ ನೋಡಿಕೊಂಡದ್ದು ಒಂದೇ ಸಲ. ಅದನ್ನು ಅದರ ಸರದಿ ಬಂದಾಗ ಹೇಳುತ್ತೇನೆ.

ನಮ್ಮ ವರ್ಕ್‌ಶಾಪು ಜಾಯೆಚಾರ್ ಊರು ಮುಗಿದು ತಿಮೋಕ್ ಹೊಳೆ ಶುರುವಾಗುವಲ್ಲಿತ್ತು. ಬೋರ್ ಊರಿನ ಗಣಿಯ ಕಡೆಯಿಂದ ತಾಮ್ರ ಬರುತ್ತಿತ್ತು, ನಮ್ಮಿಂದ ಗಣಿಗಳಿಗೂ ವಿದ್ಯುತ್ ಕೇಂದ್ರಗಳಿಗೂ ದೊಡ್ಡ ಸ್ವಿಚ್ಚುಗಳು ಹೋಗುತ್ತಿದ್ದವು. ಸ್ವಿಚ್ಚು ಎಂದರೆ ಗೋಡೆಯ ಮೇಲಿನದಲ್ಲ. ಗಾಳಿ ಪೂರ್ತಿ ಹೀರಿ ತೆಗೆದ ಒಂದು ಜಾಡಿ, ಅದರೊಳಗೆ ಎದುರುಬದುರು ಎರಡು ತಾಮ್ರದ ಬಿಲ್ಲೆ, ನಡುವೆ ಬೆರಳುಗುರಿನಷ್ಟು ಸಂದು. ಬಿಲ್ಲೆಗಳು ಕೂಡಿದರೆ ವಿದ್ಯುತ್ ಹರಿಯಬೇಕು, ಬೇರೆಯಾದರೆ ಎಳ್ಳಷ್ಟೂ ದಾಟಬಾರದು.

ನಾನಿದ್ದದ್ದು ಪರೀಕ್ಷೆಯ ಕೋಣೆಯಲ್ಲಿ. ಬಿಲ್ಲೆಗಳ ಜೋಡಿಯನ್ನು ಉಕ್ಕಿನ ಗೂಡಿನೊಳಗೆ ಕೂರಿಸಿ, ಪಂಪು ಹಾಕಿ ಗಾಳಿ ತೆಗೆದು, ವೋಲ್ಟೇಜನ್ನು ಮೆಲ್ಲಮೆಲ್ಲಗೆ ಏರಿಸುತ್ತ ಎಲ್ಲಿ ಕಿಡಿ ಹಾರುತ್ತದೆಂದು ನೋಡುವುದು ನನ್ನ ಕೆಲಸ. ಗಾಳಿಯೂ ಇಲ್ಲದ, ಏನೆಂದರೆ ಏನೂ ಇಲ್ಲದ ಜಾಗದಲ್ಲಿ ಕಿಡಿ ಹಾರುವುದಾದರೂ ಹೇಗೆ? ಇಂಜಿನಿಯರ್ ನೆನಾದ್ ಹೇಳುತ್ತಿದ್ದ: "ನಿರ್ವಾತದ ತಪ್ಪು ಏನೂ ಇರಲ್ಲ ಅಕ್ಕ, ತಪ್ಪೆಲ್ಲ ಲೋಹದ್ದೇ." ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದ ಒಂದು ಮುಳ್ಳು, ಒಂದು ಧೂಳಿನ ಕಣ, ಬೆರಳಿನ ಜಿಡ್ಡು ಇದ್ದರೆ ಸಾಕು. ವಿದ್ಯುತ್ತಿನ ಜೋರೆಲ್ಲ ಆ ತುದಿಗೇ ನುಗ್ಗುತ್ತದೆ. ತುದಿ ಕಾದು ಆವಿಯಾಗುತ್ತದೆ, ಆ ಆವಿಯನ್ನೇ ಸೇತುವೆ ಮಾಡಿಕೊಂಡು ಕಿಡಿ ಆಚೆ ದಾಟುತ್ತದೆ. ಮೊದಮೊದಲ ಸಣ್ಣ ಕಿಡಿಗಳು ಒಳ್ಳೆಯವು. ಅವು ಮುಳ್ಳುಗಳನ್ನು ಸುಟ್ಟು ಲೋಹವನ್ನು ಪಳಗಿಸುತ್ತವೆ. ಪಳಗದ ಬಿಲ್ಲೆ ಮಾತ್ರ ಕಿಡಿ ಹಾರಿದಷ್ಟೂ ಗುಳಿ ಬಿದ್ದು ಇನ್ನಷ್ಟು ಕೆಡುತ್ತದೆ, ಕೆಲವು ಗಂಡಸರ ಹಾಗೆ.

ಮಿಲುತಿನ್ ಕೈಯಿಂದ ಬಂದ ಬಿಲ್ಲೆಗಳು ಪಳಗಿಯೇ ಹುಟ್ಟಿದಂತೆ ಇರುತ್ತಿದ್ದವು. ದಪ್ಪ ಉಪ್ಪುಕಾಗದದಿಂದ ಶುರು ಮಾಡಿ ನಯವಾದದ್ದರವರೆಗೆ, ಒಂದೊಂದು ಕಾಗದಕ್ಕೂ ದಿಕ್ಕು ಬದಲಿಸಿ, ಹಿಂದಿನ ಗೀರು ಪೂರ್ತಿ ಅಳಿಯುವ ತನಕ ತಿಕ್ಕುವನು. ಆಮೇಲೆ ಬಿಳಿ ಪುಡಿಯ ಲೇಪ, ಆಮೇಲೆ ಸ್ಪಿರಿಟ್ಟಿನಲ್ಲಿ ತೊಳೆಯುವುದು. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಅವನ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ಎಲ್ಲಿ ಮುಟ್ಟಿದರೂ ಗುರುತು ಉಳಿಯದ ಮನುಷ್ಯ ಎಂದರೆ ಅವನೊಬ್ಬನೇ. "ಕಳ್ಳತನಕ್ಕಾದ್ರೂ ಹೋಗಬಾರದಾಗಿತ್ತಾ ಮಾರಾಯ, ಇಷ್ಟೊಂದು ಅನುಕೂಲ ಇಟ್ಕೊಂಡು!" ಎಂದು ನಾನು ಛೇಡಿಸಿದರೆ, "ಕದಿಯೋಕೆ ಹೋದ್ರೂ ಮೊದಲು ಅವರ ಮನೆ ಬೀಗ ತಿಕ್ತಾ ಕೂತ್ಕೋತೀನಿ ಕಣೆ" ಎನ್ನುವನು. ಕೈಗೆ ಜಿಡ್ಡು ಹತ್ತುತ್ತದೆಂದು ಹಂದಿ ಮಾಂಸದ ಹುರಿದ ತುಂಡುಗಳನ್ನು ಭಾನುವಾರ ಬಿಟ್ಟು ಬೇರೆ ದಿನ ಮುಟ್ಟುತ್ತಿರಲಿಲ್ಲ. ಕೆಲಸದ ದಿನ ಅವನ ಊಟ ಒಣ ಬ್ರೆಡ್ಡು, ಒಂದು ಈರುಳ್ಳಿ.

ಅವನು ತಿಕ್ಕಿದ ಬಿಲ್ಲೆಯಲ್ಲಿ ಗೀರು ಉಳಿದಿದೆಯೇ ಎಂದು ದೀಪ ಓರೆಯಾಗಿ ಹಿಡಿದು ನೋಡುವವಳು ಅವನ ಮಗಳೇ, ಸ್ತೊಯಾಂಕಾ. ಅವಳಿಗಿಂತ ಮುಂಚಿನ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಇದಾದರೂ ನಿಲ್ಲಲಿ ಎಂದು ಬೇಡಿಕೊಂಡು ಇಟ್ಟ, ನಿಲ್ಲುವವಳು ಎಂಬರ್ಥದ ಹೆಸರು ಅದು. ನಿಂತಳು. ಆದರೂ ಅವಳು ಕೆಮ್ಮಿದರೆ ಮಿಲುತಿನ್ ಕೈ ತಿಕ್ಕುವುದನ್ನು ಬಿಟ್ಟು ತಟಸ್ಥವಾಗುತ್ತಿತ್ತು.

ಒಂದು ವಸಂತದಲ್ಲಿ ಅವನ ಹೆಂಡತಿ ಯೆಲೀಕಾ ತೀರಿಕೊಂಡಳು. ಮಣ್ಣು ಮಾಡಿ ಬಂದು ಊಟಕ್ಕೆ ಕೂತಾಗ ನಾನು ಅವನ ಪಕ್ಕದಲ್ಲಿದ್ದೆ. ಮನೆಯ ಕನ್ನಡಿಗಳಿಗೆಲ್ಲ ಆಗಲೇ ಹೊದಿಕೆ ಬಿದ್ದಿತ್ತು. ನಮ್ಮಲ್ಲಿ ಸಾವಿನ ಮನೆಯಲ್ಲಿ ನಲವತ್ತು ದಿನ ಕನ್ನಡಿ ತೆರೆಯುವುದಿಲ್ಲ. ಮಿಲುತಿನ್ ತನ್ನ ಲೋಟದ ರಾಕಿಯಾ ಸಾರಾಯಿಯನ್ನು ಸತ್ತವಳ ಪಾಲಿಗೆಂದು ನಾಲ್ಕು ತೊಟ್ಟು ನೆಲಕ್ಕೆ ಚೆಲ್ಲಿ ಹೇಳಿದ: "ನಮ್ಮವ್ವ ಹೋದಾಗ ಒಂದು ಕನ್ನಡಿ ಮುಚ್ಚೋದು ಮರೆತಿದ್ವಿ ದ್ರಾಗಿನ್ಯಾ. ಗಡ್ಡ ಕೆರೆಯೋ ಕನ್ನಡಿ, ಅಂಗೈಯಷ್ಟಗಲ. ನನ್ನ ತಮ್ಮ ರಾದಿಶಾ ಬೆಳಗ್ಗೆ ಎದ್ದು ಅದರಲ್ಲಿ ಮುಖ ನೋಡ್ಕೊಂಡ. ನಲವತ್ತು ತುಂಬೋದ್ರೊಳಗೆ ಗಣಿ ಅವನ ಮೇಲೆ ಕುಸೀತು."

"ಗಣಿ ಕುಸಿಯೋದಕ್ಕೆ ಕನ್ನಡಿ ಯಾಕೆ ಬೇಕು? ಆಧಾರದ ಮರ ಕೊಳೆತಿದ್ರೆ ಸಾಕು" ಎಂದೆ. ನನ್ನ ನಾಲಿಗೆಯೇ ಹಾಗೆ, ಸಾವಿನ ಮನೆಯಲ್ಲೂ ಸುಮ್ಮನಿರುವುದಿಲ್ಲ.

ಅವನು ಸಿಟ್ಟಾಗಲಿಲ್ಲ. "ಸತ್ತವರಿಗೆ ನಮ್ಮ ಮೇಲೆ ಹಗೆ ಇರಲ್ಲ ಕಣೆ. ಒಂಟಿಯಾಗಿ ಹೋಗೋಕೆ ಭಯ. ಬರಿಗನ್ನಡಿ ಸಿಕ್ಕರೆ ಒಳಗೆ ಸೇರ್ಕೊಂಡು ಕಾಯ್ತಾರೆ. ಮೊದಲು ಯಾರು ಇಣುಕ್ತಾರೋ ಅವರ ಕೈ ಹಿಡ್ಕೋತಾರೆ." ಹೇಳುತ್ತ ಅವನು ಮೇಜಿನ ಆಚೆ ಬಡಿಸುತ್ತಿದ್ದ ಮಗಳನ್ನೇ ನೋಡುತ್ತಿದ್ದ. ಅವನು ಮಾಡುವುದೇ ಕನ್ನಡಿ, ಅದರಲ್ಲಿ ಮೊದಲು ಮುಖ ಕಾಣುವವಳು ಅವಳೇ ಎಂಬುದು ನನಗೆ ಆಗ ಹೊಳೆಯಲಿಲ್ಲ. ಅವನಿಗೆ ಹೊಳೆದಿತ್ತು.

ಅವನು ಕೆಲಸಕ್ಕೆ ಮರಳಿದ ಮೇಲೆ ಬಿಲ್ಲೆಗಳು ಕೈಕೊಡಲು ಶುರು ಮಾಡಿದವು. ಅದೇ ತಾಮ್ರ, ಅದೇ ಲೇಪ, ಅದೇ ಕೈ. ಸ್ತೊಯಾಂಕಾ ದೀಪ ಹಿಡಿದು ನೋಡಿದರೆ ಒಂದು ಗೀರಿಲ್ಲ. ಗೂಡಿಗೆ ಹಾಕಿ ವೋಲ್ಟೇಜು ಅರ್ಧಕ್ಕೆ ಏರಿಸುವುದರೊಳಗೆ ಚಟ್ ಎಂದು ಕಿಡಿ. ಮತ್ತೆ ಏರಿಸಿದರೆ ಇನ್ನೂ ಕೆಳಗೇ ಕಿಡಿ. ಪಂಪು ಬಿಚ್ಚಿ ಎಣ್ಣೆ ಬದಲಿಸಿದೆವು, ಗೂಡು ಉಜ್ಜಿದೆವು, ಹೊಸ ತಂತಿಗಳನ್ನು ಹಾಕಿದೆವು. ಬಿಲ್ಲೆಗಳು ಮಾತ್ರ ಒಂದರ ಹಿಂದೊಂದು ಸುಟ್ಟು ಹಿಂದಿರುಗಿದವು. ಸ್ಟೋರಿನ ಹೆಂಗಸು ಅವನ್ನು ತೆಗೆದುಕೊಳ್ಳುವಾಗ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡು, "ಯೆಲೀಕಾ ಇನ್ನೂ ಮನೆ ಬಿಟ್ಟು ಹೋಗಿಲ್ಲ. ಗಂಡನ ಹಿಂದೇನೇ ಇಲ್ಲಿಗೆ ಬರ್ತಿದಾಳೆ" ಎಂದಳು.

"ಬರೋದಾದ್ರೆ ಬರಲಿ, ಎರಡು ಬಿಲ್ಲೆ ತಿಕ್ಕಿ ಹೋಗಲಿ" ಎಂದು ನಾನು ಗದರಿದೆ. ಆದರೆ ಆ ಮಧ್ಯಾಹ್ನ ಪರೀಕ್ಷೆಯ ಕೋಣೆಗೆ ಒಬ್ಬಳೇ ಹೋಗಲು ಮನಸ್ಸಾಗಲಿಲ್ಲ. ಸುಳ್ಳೇಕೆ ಹೇಳಲಿ, ಹೆದರಿಕೆಯಾಯಿತು.

ನೆನಾದ್ ಒಂದು ದಿನ ಹೇಳಿದ: "ಪರದೆ ಎಳೆದು ಕೋಣೆ ಕತ್ತಲೆ ಮಾಡೋಣ. ಕಿಡಿ ಹಾರೋಕೆ ಮುಂಚೆ ಒಳಗೆ ಏನು ನಡೆಯುತ್ತೆ ಅಂತ ನೋಡೋಣ." ಗೂಡಿಗೆ ದಪ್ಪ ಗಾಜಿನ ಎರಡು ಕಿಂಡಿಗಳಿದ್ದವು. ಒಂದಕ್ಕೆ ಸ್ತೊಯಾಂಕಾ ಸಣ್ಣ ದೀಪ ಹಿಡಿದಳು, ಇನ್ನೊಂದಕ್ಕೆ ನಾನು ಕಣ್ಣಿಟ್ಟೆ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕಾಡಿಗೆ ಕತ್ತಲೆ. ನೆನಾದ್ ವೋಲ್ಟೇಜು ಏರಿಸುತ್ತ ಹೋದ.

ಕೆಳಗಿನ ಬಿಲ್ಲೆ ಕೆಂಪು ಕೊಳದ ಹಾಗೆ ನಿಶ್ಚಲವಾಗಿತ್ತು. ಮೊದಲು ಅದರ ಮೇಲೆ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ ಮೂಡಿತು. ಕಣ್ಣು ನೆಟ್ಟರೆ ಕಾಣದು, ಓರೆಯಾಗಿ ನೋಡಿದರೆ ಕಾಣುವುದು, ಅಷ್ಟು ಮಂದ. ಆಮೇಲೆ ಬಿಲ್ಲೆಯ ಅಂಚಿನಲ್ಲಿ ಏನೋ ಅಲುಗಿತು. ಒಂದು ಎಳೆ. ಮಲಗಿದ್ದದ್ದು ತಲೆ ಎತ್ತಿತು, ಮೆಲ್ಲಗೆ ಎದ್ದಿತು, ನೆಟ್ಟಗೆ ನಿಂತಿತು. ಅದರ ಬುಡದಿಂದ ಕನ್ನಡಿಯೊಳಗೆ ಅಂಥದೇ ಇನ್ನೊಂದು ಎಳೆ ತಲೆಕೆಳಗಾಗಿ ನಿಂತಿತು. ಗಾಳಿಯೆಂಬುದೇ ಇಲ್ಲದ ಆ ಜಾಗದಲ್ಲಿ ಎರಡೂ ಒಟ್ಟಿಗೆ ತೂಗಾಡಿದವು, ಯಾರನ್ನೋ ಹುಡುಕುವ ಹಾಗೆ ಅತ್ತ ಒಮ್ಮೆ, ಇತ್ತ ಒಮ್ಮೆ.

ಸ್ತೊಯಾಂಕಾ ದೀಪದ ಪಕ್ಕದಿಂದ ಬಗ್ಗಿ ನೋಡಿದಳು. "ಚಿಕ್ಕಮ್ಮ," ಎಂದಳು. "ಅದು ಬೆಳ್ಳಗಿದೆ. ಅಮ್ಮನ ಕೂದಲು."

ಎಳೆಯ ತುದಿ ಹಳದಿಯಾಗಿ ಹೊತ್ತಿಕೊಂಡಿತು. ಬಿಳೀ ಕಿಡಿ ಹಾರಿತು. ಮತ್ತೆ ನೋಡಿದರೆ ಏನೂ ಇಲ್ಲ, ಬಿಲ್ಲೆಯ ಮೇಲೆ ಒಂದು ಹೊಸ ಗುಳಿ, ಅಷ್ಟೆ.

ನೆನಾದ್ ಪರದೆ ಸರಿಸಿದ. ಅವನ ಮುಖವೂ ಬಿಳಚಿತ್ತು, ಆದರೆ ತಲೆ ಕೆಟ್ಟಿರಲಿಲ್ಲ. "ಹಗುರವಾದ ನಾರು ಯಾವುದಿದ್ರೂ ಹೀಗೆ ಏಳುತ್ತೆ ಅಕ್ಕ. ಬಾಚಣಿಗೆ ಹತ್ತಿರ ತಂದ್ರೆ ಕೂದಲು ಏಳಲ್ವಾ, ಹಾಗೆ. ಅದೇ ಮುಳ್ಳಾಗಿ ನಿಂತು ಕಿಡಿ ಕರೀತಿದೆ. ಉಣ್ಣೆ ಬಟ್ಟೆಯ ನಾರಿರಬೇಕು. ಆದರೆ ತೊಳೆದ ಬಿಲ್ಲೆ ಹತ್ತಿರ ನಾವು ಬಟ್ಟೆ ಬಿಡೋದೇ ಇಲ್ವಲ್ಲ. ಎಲ್ಲಿಂದ ಬಂತು?"

ನನಗೆ ಗೊತ್ತಿತ್ತು ಎಂದಲ್ಲ. ಆದರೆ ಮಿಲುತಿನ್ ಚೀಲದಲ್ಲಿ ಒಂದು ಕರಿ ಶಾಲು ಇರುವುದನ್ನು ನೋಡಿದ್ದೆ. ಹೆಂಡತಿಯದು, ಹತ್ತಿರ ಇಟ್ಟುಕೊಂಡಿದ್ದಾನೆ ಪಾಪ ಎಂದುಕೊಂಡಿದ್ದೆ.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಅವನು ನನಗಿಂತ ಮುಂಚೆ ಬಂದಿದ್ದ. ಹಿಂದಿನ ಸಂಜೆ ತೊಳೆದಿಟ್ಟ ಬಿಲ್ಲೆಗಳು ಸಾಲಾಗಿ ಮೇಜಿನ ಮೇಲೆ, ಅವುಗಳ ಮೇಲೆ ಯೆಲೀಕಾಳ ಶಾಲು. ಮಲಗಿದ ಮಗುವಿನ ಹೊದಿಕೆ ತೆಗೆಯುವಂತೆ ಅವನು ಅದನ್ನು ಎತ್ತಿದ. ಒಂದೊಂದು ಬಿಲ್ಲೆಯ ಮೇಲೂ ಬಗ್ಗಿ, ಉಸಿರು ಹಿಡಿದು ಮುಖ ತೋರಿಸಿ, ಆಮೇಲೆ ಪಕ್ಕಕ್ಕೆ ತಿರುಗಿ ಹೇಳುತ್ತಿದ್ದ: "ನಾನು ನೋಡ್ದೆ ಯೆಲೀಕಾ. ಬೇರೆ ಯಾರೂ ಅಲ್ಲ." ಮುಂದಿನ ಬಿಲ್ಲೆ. "ನಾನು ನೋಡ್ದೆ ಯೆಲೀಕಾ. ಬೇರೆ ಯಾರೂ ಅಲ್ಲ."

ಬಾಗಿಲಲ್ಲಿ ನಿಂತ ನನಗೆ ನಗು ಬರಲಿಲ್ಲ. ಅಳು ಬಂತು, ಅದನ್ನು ಮುಚ್ಚಲು ಬೈದೆ. "ಏನು ಮಾಡ್ತಿದೀಯಾ ಮುದುಕಾ? ಆ ಶಾಲಿನ ನಾರು, ಅದಕ್ಕೆ ಅಂಟಿರೋ ಅವಳ ಕೂದಲು, ಇವೇ ನಿನ್ನ ಕೆಲಸಾನೆಲ್ಲ ಸುಡ್ತಾ ಇರೋದು!"

"ಸುಡಲಿ" ಎಂದ. "ಮುಚ್ಚದೆ ಬಿಟ್ರೆ ಅವಳು ಒಳಗೆ ಬರ್ತಾಳೆ. ಮುಚ್ಚಿದ್ರೂ ಮೊದಲು ನಾನೇ ನೋಡ್ಬೇಕು. ಇಲ್ಲಾಂದ್ರೆ ದೀಪ ಹಿಡ್ಕೊಂಡು ಬರೋಳು ಯಾರು, ನೀನೇ ಹೇಳು. ನಂಗಿರೋದು ಅವಳೊಬ್ಬಳು."

ಆಗಷ್ಟೇ ಬಂದ ನೆನಾದ್‌ಗೆ ಹೇಳದೆ ವಿಧಿಯಿರಲಿಲ್ಲ. ಅವನು ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. "ನಮ್ಮಜ್ಜಿ ನೀರಿನ ಬಕೆಟ್ಟಿಗೂ ತಟ್ಟೆ ಮುಚ್ಚೋಳು" ಎಂದ. ಮಿಲುತಿನ್‌ನ ಮೇಜಿನ ಮುಂದೆ ನೆನಾದ್ ಸ್ಟೂಲು ಎಳೆದುಕೊಂಡು ಕೂತು ನಿಧಾನವಾಗಿ ಮಾತು ತೆಗೆದ. "ನಂಗೆ ಬಹಳ ದಿನದಿಂದ ಒಂದು ಅನುಮಾನ ಇದೆ. ಕನ್ನಡಿ ಮಾಡೋ ಲೇಪದ ಪುಡಿ ಲೋಹದೊಳಗೇ ಹೂತು ಉಳಿಯುತ್ತೆ. ಆ ನೀಲಿ ಚುಕ್ಕೆಗಳು ಅವೇ ಇರಬೇಕು. ಲೇಪ ಬೇಡ. ಕಾಗದದಲ್ಲಿ ತಿಕ್ಕಿ ಮಂಕಾಗೇ ಬಿಟ್ಟು, ಆಸಿಡ್ಡಿನಲ್ಲಿ ತೊಳೆದು, ಕುಲುಮೆಯಲ್ಲಿ ಕಾಯಿಸಿ ನೋಡೋಣ. ಲೋಹಕ್ಕೆ ಬೇಕಾದ್ದು ಹೊಳಪಲ್ಲ, ಶುದ್ಧಿ. ಮಂಕು ಬಿಲ್ಲೆಯಲ್ಲಿ ಯಾರ ಮುಖವೂ ಕಾಣಲ್ಲ, ಮುಚ್ಚೋದೂ ಬೇಕಾಗಲ್ಲ."

ಮಿಲುತಿನ್ ಅವನನ್ನು ದುರುಗುಟ್ಟಿ ನೋಡಿದ. "ಅಂದ್ರೆ ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಬರೀ ಸೊಗಸಿಗಾ, ಸಾರ್?"

ಅಷ್ಟರಲ್ಲಿ ಹೊರಗೆ ಸ್ತೊಯಾಂಕಾಳ ಹೆಜ್ಜೆ ಸದ್ದು ಕೇಳಿತು, ಜೊತೆಗೊಂದು ಕೆಮ್ಮು. ಅವಳು ತನ್ನ ದೀಪ ತೆಗೆದುಕೊಂಡು ಮೇಜಿನ ಕಡೆಗೆ ಬರುತ್ತಿದ್ದಳು. ಶಾಲು ತೆಗೆದ ಸಾಲಿನಲ್ಲಿ ಅವನಿನ್ನೂ ನೋಡದ ಬಿಲ್ಲೆ ಒಂದು ಉಳಿದಿತ್ತು. ಮಿಲುತಿನ್ ಥಟ್ಟನೆ ಎದ್ದು ಅದನ್ನು ಬಾಚಿಕೊಂಡ, ಉಪ್ಪುಕಾಗದ ಹಿಡಿದ, ಅದರ ಮುಖಕ್ಕೆ ಒತ್ತಿ ಎಳೆದ. ಒಂದು ಸಲ, ಇನ್ನೊಂದು ಸಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ಅವನೇ, ದೊಣ್ಣೆಯೂ ಅವನದೇ. ಸ್ತೊಯಾಂಕಾ ಒಳಗೆ ಬಂದಾಗ ಅವನ ಕೈಯಲ್ಲಿ ಹೊಳಪು ಹೋಗಿ ಮಂಕಾದ ಒಂದು ತಾಮ್ರದ ತುಂಡಿತ್ತು, ಹಣೆಯಲ್ಲಿ ಬೆವರಿತ್ತು.

"ಏನಪ್ಪಾ ಇದು? ಹಾಳು ಮಾಡಿದ್ರಾ?"

"ಇನ್ಮೇಲೆ ಹಿಂಗೇ ಮಗಾ. ನೋಡು, ಗೀರು ಸಮನಾಗಿದೆಯಾ ಅಂತ ಮಾತ್ರ ನೋಡು."

ಮಂಕು ಜೋಡಿಯನ್ನು ತೊಳೆದು, ಕಾಯಿಸಿ, ಗೂಡಿಗೆ ಹಾಕಿದ ದಿನ ಅವನು ನನ್ನ ಪಕ್ಕದಲ್ಲೇ ಕೂತಿದ್ದ. ಮೊದಲು ನಾಲ್ಕಾರು ಸಣ್ಣ ಕಿಡಿ ಹಾರಿದವು, ಆಮೇಲೆ ನಿಂತವು. ವೋಲ್ಟೇಜು ಏರಿಸಿದೆ. ಅವನ ಕನ್ನಡಿಗಳು ತಲುಪುತ್ತಿದ್ದ ಗೆರೆ ದಾಟಿತು. ಕಿಂಡಿಯಲ್ಲಿ ಕತ್ತಲೆ, ಒಂದು ನೀಲಿ ಚುಕ್ಕೆಯೂ ಇಲ್ಲ.

"ತಡ್ಕೊಳ್ತಾ?" ಎಂದ.

"ತಡ್ಕೊಳ್ತು."

"ಕನ್ನಡಿಗಿಂತ?"

ಸುಳ್ಳು ಹೇಳಿಬಿಡುತ್ತಿದ್ದೆ, ಆದರೆ ಮೀಟರಿನ ಮುಳ್ಳು ಅವನ ಕಣ್ಣ ಮುಂದೆಯೇ ಇತ್ತು. "ಸ್ವಲ್ಪ ಜಾಸ್ತೀನೇ" ಎಂದೆ.

ಅವನು ತನ್ನ ಗೆರೆಯಿಲ್ಲದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತ. "ಒಳ್ಳೇದೇ ಆಯ್ತು ಬಿಡು. ನನ್ನ ಮಗು ಉಳೀತು" ಎಂದ. ಅವನ ಮೇಲೆ ಅಷ್ಟು ಮರುಕ ನನಗೆ ಯೆಲೀಕಾಳನ್ನು ಮಣ್ಣು ಮಾಡಿದ ದಿನವೂ ಬಂದಿರಲಿಲ್ಲ.

ನಲವತ್ತು ತುಂಬಿತು. ಸಮಾಧಿಯ ಹತ್ತಿರ ಮೇಣದಬತ್ತಿ ಹಚ್ಚಿ, ಬೇಯಿಸಿದ ಸಿಹಿ ಗೋಧಿ ಹಂಚಿದರು. ಮನೆಯ ಕನ್ನಡಿಗಳ ಹೊದಿಕೆ ತೆಗೆದರು. ಮೊದಲು ನೋಡಿದವನು ಅವನೇ ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ವರ್ಕ್‌ಶಾಪು ಕನ್ನಡಿಗೆ ಮರಳಲಿಲ್ಲ. ಮಂಕು ಬಿಲ್ಲೆಗೆ ಕೆಲಸ ಕಡಿಮೆ, ಫಲ ಹೆಚ್ಚು, ಯಾರು ಬಿಡುತ್ತಾರೆ? ಪ್ಯಾಕಿಂಗಿನ ಹುಡುಗಿಯರು ಇಣುಕಲು ಬರುವುದನ್ನು ನಿಲ್ಲಿಸಿದರು. ಬೈಯಲು ಯಾರೂ ಇಲ್ಲದೆ ಮಿಲುತಿನ್ ಸಪ್ಪಗಾದ. ಭಾನುವಾರದ ಮಾಂಸದ ತುಂಡುಗಳನ್ನು ಬುಧವಾರವೂ ತಿನ್ನತೊಡಗಿದ, ನನ್ನೆದುರಿಗೇ, ಬೆರಳು ನೆಕ್ಕುತ್ತ.

ಒಂದು ದಿನ ಮೇಜಿನ ಡ್ರಾಯರು ಎಳೆದು ತೋರಿಸಿದ. ಒಳಗೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಒಂದು ದುಂಡನೆಯ ವಸ್ತು. "ಬಟ್ಟೆ ಅಲ್ಲ ನೋಡು, ಬುದ್ಧಿ ಕಲಿತಿದೀನಿ" ಎಂದು ಕಣ್ಣು ಮಿಟುಕಿಸಿದ. "ಯೆಲೀಕಾಗೆ ಅಂತ ಮಾಡಿದ್ದು. ಅಷ್ಟು ದಿನ ಅವಳ ಮುಖದ ಮೇಲೆ ಬಟ್ಟೆ ಎಳೆದು ಆಚೆ ಅಟ್ಟಿದೆನಲ್ಲ, ಕೋಪ ಬಂದಿರುತ್ತೆ. ಇನ್ನು ಇಣುಕೋದಾದ್ರೆ ಇಣುಕಲಿ. ಇದರಲ್ಲಿ ಒಂದು ಗೀರು ಸಿಕ್ಕರೆ ನನ್ನ ಕಿವಿ ಕತ್ತರಿಸು."

ಶರತ್ಕಾಲದಲ್ಲಿ, ಅಂಗಳ ಅಂಗಳದಲ್ಲೂ ಕೆಂಪು ಮೆಣಸಿನಕಾಯಿ ಸುಡುವ ಹೊತ್ತಿಗೆ, ಮಿಲುತಿನ್ ತೀರಿಕೊಂಡ. ಶ್ವಾಸಕೋಶದಲ್ಲಿ ಧೂಳು ಕಟ್ಟಿತ್ತು ಎಂದರು ಡಾಕ್ಟರು. ಅಷ್ಟೊಂದು ಕನ್ನಡಿಗಳನ್ನು ಮೊದಲು ನೋಡಿದವನು ಎಂದಳು ಸ್ಟೋರಿನ ಹೆಂಗಸು. ನಾನು ಡಾಕ್ಟರ ಪಕ್ಷ.

ಮಣ್ಣಾದ ಮಾರನೆಯ ಬೆಳಗ್ಗೆ ಕಾಫಿ ಕುಡಿಯುತ್ತ ಕೂತಿದ್ದೆ. ಸ್ತೊಯಾಂಕಾ ಅಪ್ಪನ ಮೇಜು ಖಾಲಿ ಮಾಡಲು ಇವತ್ತು ಬರುತ್ತೇನೆ ಎಂದಿದ್ದಳು. ಮನೆಯ ಕನ್ನಡಿಗಳನ್ನೆಲ್ಲ ಅವಳೇ ಮುಚ್ಚಿದ್ದಳು, ಒಂದನ್ನೂ ಮರೆಯದೆ. ಡ್ರಾಯರಿನಲ್ಲಿದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಕಾಫಿ ಹಾಗೇ ಬಿಟ್ಟು, ಮನೆಯ ಚಪ್ಪಲಿಯಲ್ಲೇ ಓಡಿದೆ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆಗಲೂ ಇರಲಿಲ್ಲ, ಓಡುತ್ತಿದ್ದಾಗಲೂ ಇರಲಿಲ್ಲ.

ವರ್ಕ್‌ಶಾಪಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಡ್ರಾಯರು ಎಳೆದೆ, ಹಾಳೆ ಬಿಡಿಸಿದೆ, ಅಂಚು ಹಿಡಿದು ಕಿಟಕಿಯ ಬೆಳಕಿಗೆ ತಂದೆ. ಗೀರಿರಲಿಲ್ಲ. ಅವನು ಕಲಿಸಿದಂತೆ ಉಸಿರು ಹಿಡಿದು ಬಗ್ಗಿ ನೋಡಿದೆ. ನನ್ನದೇ ಮುಖ, ಹತ್ತು ವರ್ಷ ಚಿಕ್ಕದು. ಹಿಂದೆ ಖಾಲಿ ಸ್ಟೂಲು, ಖಾಲಿ ಬಾಗಿಲು. ನೋಡುತ್ತಿದ್ದಂತೆ ಬಿಲ್ಲೆಯ ಮೇಲೆ, ನನ್ನ ತುಟಿಗೆ ಸರಿಯಾಗಿ, ನಾಣ್ಯದಗಲ ಮಂಜು ಮೂಡಿತು. ಮೂಡಿ, ಅಂಚಿನಿಂದ ಒಳಕ್ಕೆ ಆರಿಹೋಯಿತು. ನಾನು ಉಸಿರು ಹಿಡಿದೇ ಇದ್ದೆ. ಮತ್ತೊಂದು ಸಲ ಮೂಡಿತು.

"ನಾನು ನೋಡ್ದೆ ಮಿಲುತಿನ್," ಎಂದೆ. "ಬೇರೆ ಯಾರೂ ಅಲ್ಲ."

ಹಿಂದೆ ಏನೋ ಸದ್ದಾಯಿತು. ಸ್ತೊಯಾಂಕಾ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಚಿಕ್ಕಮ್ಮ, ನೀವು ಇದನ್ನೆಲ್ಲ ನಂಬಲ್ಲ ಅಂತಿದ್ರಲ್ಲ?"

"ನಂಬಲ್ಲ ಕಣೆ. ಯಾವಳು ನಂಬ್ತಾಳೆ?"

ಅವಳು ಬಂದು ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು. ಇದಾಗಿ ಎಷ್ಟೋ ವರ್ಷವಾಯಿತು; ನಾನಿನ್ನೂ ಗುಂಡುಕಲ್ಲಿನ ಹಾಗಿದ್ದೇನೆ, ನೋಡುತ್ತಿದ್ದೀರಲ್ಲ. ಅವಳೂ ಇದ್ದಾಳೆ, ಮೊಮ್ಮಕ್ಕಳನ್ನು ಆಡಿಸುತ್ತಾಳೆ. ಮಂಜಿನ ವಿಷಯ ಅವಳಿಗೆ ಹೇಳಿಲ್ಲ. ಅವತ್ತು ಅವಳ ಅಳು ಇಳಿಯುವ ತನಕ ಕಾದೆ. ಬಿಲ್ಲೆಯ ಮೇಲೆ ಮತ್ತೆ ಏನೂ ಮೂಡಲಿಲ್ಲ ಎಂದು ಖಾತ್ರಿ ಮಾಡಿಕೊಂಡು, "ಈಗ ನೋಡು. ನಿಮ್ಮಪ್ಪ ಮಾಡಿದ್ದು" ಎಂದು ಅವಳ ಕೈಗೆ ಕೊಟ್ಟೆ. ಅತ್ತು ಬಿಳಚಿದ್ದ ಅವಳ ಮುಖ ಅದರೊಳಗೆ ಕೆಂಪಗೆ ಕಂಡಿತು.